"ಒಂದು ನಮೂನೆ ಮಾಡ್ತಾರೆ ಸಿಸ್ಟರ್": ಲಿವರ್, ಪಿತ್ತಕೋಶ, ಮೇದೋಜೀರಕದ ರೋಗಿಗಳ ಶುಶ್ರೂಷೆ

(ಉಡುಪಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಹಾಗೂ ರೋಗಿಗಳ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ಯಕೃತ್ತು, ಪಿತ್ತಕೋಶ ಮತ್ತು ಮೇದೋಜೀರಕ ಗ್ರಂಥಿಯ ಕಾಯಿಲೆಗಳಲ್ಲಿ ದಾದಿಯ ಕೆಲಸವೇನು ಎಂಬುದರ ಕುರಿತು ಮಾತಾಡಲು ನನ್ನನ್ನು ಕರೆದಿದ್ದೀರಿ. ವಿಷಯ ದೊಡ್ಡದು. ಪುಸ್ತಕದಲ್ಲಿರುವುದನ್ನು ನೀವು ಹೇಗೂ ಓದಿಕೊಳ್ಳುತ್ತೀರಿ. ಆದ್ದರಿಂದ ವಾರ್ಡಿನಲ್ಲಿ ನಾನು ಕಲಿತದ್ದನ್ನು, ಅದರಲ್ಲೂ ತಪ್ಪು ಮಾಡಿ ಕಲಿತದ್ದನ್ನು, ಇಲ್ಲಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ರಾತ್ರಿ ಪಾಳಿ. ಐವತ್ತರ ಆಸುಪಾಸಿನ ಒಬ್ಬರು ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಆಗಿ, ಹೊಟ್ಟೆಯಲ್ಲಿ ನೀರು ತುಂಬಿ ದಾಖಲಾಗಿದ್ದರು. ಅವರ ಹೆಂಡತಿ ಸಂಜೆಯಿಂದ ಎರಡು ಸಲ ನನ್ನ ಮೇಜಿನ ಬಳಿಗೆ ಬಂದು, "ಸಿಸ್ಟರೇ, ಇವರು ನಿನ್ನೆಯಿಂದ ಒಂದು ನಮೂನೆ ಮಾಡ್ತಾರೆ" ಎಂದರು. ನಾನು ಹೋಗಿ ಜ್ವರ ನೋಡಿದೆ, ಬಿಪಿ ನೋಡಿದೆ, ಎರಡೂ ಸರಿ ಇದ್ದವು. "ಏನೂ ಇಲ್ಲ ಅಮ್ಮಾ, ನಿದ್ದೆಗೆಟ್ಟಿದ್ದಾರೆ" ಎಂದು ಸಮಾಧಾನ ಹೇಳಿ, ವರದಿ ಪುಸ್ತಕದಲ್ಲಿ ವಿಶೇಷವೇನೂ ಇಲ್ಲವೆಂದು ಬರೆದೆ. ನಡುರಾತ್ರಿ ಅವರು ಎದ್ದು ಪಕ್ಕದ ರೋಗಿಯ ಮಂಚದಲ್ಲಿ ಮಲಗಲು ಹೋದರು, ತಡೆದಾಗ ಕೂಗಾಡಿದರು. ಫೋನಿನಲ್ಲಿ ನಾನು ಹೇಳಿದ್ದು "ಗಲಾಟೆ ಮಾಡುತ್ತಿದ್ದಾರೆ" ಎಂದಷ್ಟೆ. ಅತ್ತಲಿಂದ ಬಂದ ಸೂಚನೆ ನಿದ್ದೆಯ ಇಂಜೆಕ್ಷನ್. ಬೆಳಗ್ಗೆ ಆರು ಗಂಟೆಗೆ ಎಷ್ಟು ಕರೆದರೂ ಅವರು ಕಣ್ಣು ಬಿಡಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬಂದವರು ನನ್ನನ್ನು ಬೈಯಲಿಲ್ಲ. ಚಾರ್ಟನ್ನು ತೆಗೆದು, ಮಲವಿಸರ್ಜನೆಯ ಕಾಲಂನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ಮೂರು ದಿನದಿಂದ ಆ ಕಾಲಂ ಖಾಲಿ ಇತ್ತು.

ಆ ರೋಗಿ ಉಳಿದರು. ಎನಿಮಾ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್, ಡ್ರಿಪ್, ಐದು ದಿನದ ಆರೈಕೆಯಾದ ಮೇಲೆ ಮೊದಲಿನಂತೆ ಮಾತಾಡಿದರು. ಆದರೆ ಅವರ ಹೆಂಡತಿ ಸಂಜೆ ಏಳು ಗಂಟೆಗೇ ಹೇಳಿದ್ದ ರೋಗನಿರ್ಣಯವನ್ನು ನಾವು ಹನ್ನೊಂದು ತಾಸು ತಡವಾಗಿ ತಿಳಿದುಕೊಂಡೆವು. "ಒಂದು ನಮೂನೆ" ಎಂಬ ನಮ್ಮ ಊರಿನ ಈ ಮಾತಿಗೆ ವೈದ್ಯಕೀಯ ಪುಸ್ತಕದಲ್ಲಿ ಹೆಪಾಟಿಕ್ ಎನ್‌ಸೆಫಲೋಪತಿ ಎಂದು ಹೆಸರು. ಕೆಟ್ಟ ಲಿವರ್ ಸೋಸದೆ ಬಿಟ್ಟ ಅಮೋನಿಯಾ ಮೊದಲಾದ ವಿಷವಸ್ತುಗಳು ಮಿದುಳನ್ನು ಮಂಕಾಗಿಸುವ ಸ್ಥಿತಿ ಅದು. ಮಲ ಕಟ್ಟಿಕೊಂಡರೆ ಆ ವಿಷ ಇನ್ನೂ ಹೆಚ್ಚುತ್ತದೆ. ನಾನಿಂದು ಹೇಳಬೇಕಾಗಿರುವುದೆಲ್ಲ ಈ ಘಟನೆಯ ಸುತ್ತಲೇ ಇದೆ. ಈ ಅಂಗಗಳ ಕಾಯಿಲೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಮೊದಲೇ ರೋಗಿಯ ನಿದ್ದೆ, ಊಟ, ಮೂತ್ರ, ಮಲ, ಮಾತುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವನ್ನು ದಿನವೂ ನೋಡುವವರು ದಾದಿಯರು ಮತ್ತು ಮನೆಯವರು ಮಾತ್ರ.

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಪಿತ್ತಕೋಶವೆಂಬ ಪದವನ್ನು ಕೆಲವರು ಲಿವರಿಗೆ ಹೇಳುತ್ತಾರೆ, ಕೆಲವರು ಅದರ ಕೆಳಗಿನ ಚಿಕ್ಕ ಚೀಲಕ್ಕೆ ಹೇಳುತ್ತಾರೆ. ತಲೆ ತಿರುಗಿದರೂ ಪಿತ್ತವೇ, ವಾಂತಿಯಾದರೂ ಪಿತ್ತವೇ, ಸಿಟ್ಟು ಬಂದರಂತೂ ಪಿತ್ತ ನೆತ್ತಿಗೇರಿತೆಂದೇ ಲೆಕ್ಕ. ಹೊಟ್ಟೆಯ ಬಲ ಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ ಲಿವರ್. ಅದು ದಿನಕ್ಕೆ 600ರಿಂದ 1000 ಮಿಲಿಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಆ ರಸವನ್ನು ಮಂದಗೊಳಿಸಿ 30ರಿಂದ 50 ಮಿಲಿಲೀಟರ್ ಹಿಡಿದಿಟ್ಟು, ಜಿಡ್ಡಿನ ಊಟ ಬಂದಾಗ ಕರುಳಿಗೆ ಬಿಡುವ ಚೀಲವೇ ಪಿತ್ತಕೋಶ. ಮೇದೋಜೀರಕವು ಜಠರದ ಹಿಂದೆ, ಬೆನ್ನಿಗೆ ಅಂಟಿದಂತೆ ಅಡ್ಡಲಾಗಿ ಮಲಗಿದೆ. ಅನ್ನ ಅರಗಿಸುವ ಕಿಣ್ವಗಳನ್ನೂ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಅದೇ ಕೊಡುತ್ತದೆ. ಲಿವರಿನಿಂದ ಬರುವ ಕೊಳವೆಯೂ ಮೇದೋಜೀರಕದಿಂದ ಬರುವ ಕೊಳವೆಯೂ ಕರುಳನ್ನು ಸೇರುವ ಬಾಗಿಲು ಹೆಚ್ಚಿನವರಲ್ಲಿ ಒಂದೇ. ಪಿತ್ತಕೋಶದ ಒಂದು ಸಣ್ಣ ಕಲ್ಲು ಜಾರಿ ಆ ಬಾಗಿಲಲ್ಲಿ ಸಿಕ್ಕಿಕೊಂಡರೆ ಮೂರೂ ಅಂಗಗಳಿಗೆ ಒಟ್ಟಿಗೇ ಸಂಕಟ ಬರಬಹುದಾದುದು ಈ ಕಾರಣದಿಂದ.

ಇನ್ನು ಕಾಮಾಲೆಯ ವಿಷಯ. ಕಾಮಾಲೆ ಕಾಯಿಲೆಯಲ್ಲ, ಕಾಯಿಲೆಯ ಗುರುತು ಎಂದು ನೀವು ಕಲಿತಿದ್ದೀರಿ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಡೆಸಿಲೀಟರಿಗೆ ಸುಮಾರು 2ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಅದನ್ನು ಕಿಟಕಿಯ ಬೆಳಕಿನಲ್ಲಿ ನೋಡಬೇಕು. ವಾರ್ಡಿನ ದೀಪದ ಬೆಳಕಿನಲ್ಲಿ ತೆಳು ಹಳದಿ ತಪ್ಪಿಹೋಗುತ್ತದೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಕಣ್ಣು ಹಳದಿಯಾಗಿ ಬಂದವರನ್ನು ಕಂಡಾಗ ದಾದಿಯ ಬಾಯಿಂದ ಮೊದಲು ಬರಬೇಕಾದ ಪ್ರಶ್ನೆ, "ನೀವು ಏನು ಕೆಲಸ ಮಾಡುತ್ತೀರಿ?" ಎಂಬುದು. ಗದ್ದೆಗೆ ಇಳಿದವರು, ಅಡಿಕೆ ತೋಟದ ಕಣಿಯಲ್ಲಿ ನಿಂತು ಮಣ್ಣೆತ್ತಿದವರು, ಚರಂಡಿ ಸ್ವಚ್ಛ ಮಾಡಿದವರು ಜ್ವರದೊಂದಿಗೆ ಮೀನಖಂಡದ ನೋವು, ಕೆಂಪಗಾದ ಕಣ್ಣು, ಕಡಿಮೆಯಾದ ಮೂತ್ರ ಎಂದು ಹೇಳಿದರೆ ಅದು ಇಲಿಜ್ವರವಿರಬಹುದು. ಅಲ್ಲಿ ಲಿವರಿಗಿಂತ ಮೂತ್ರಪಿಂಡ ಬೇಗ ಕೈಕೊಡುವುದುಂಟು. ಆದ್ದರಿಂದ ತಾಸಿಗೊಮ್ಮೆ ಮೂತ್ರ ಅಳೆಯುವ ಕೆಲಸ ಆ ಕ್ಷಣದಿಂದಲೇ ಶುರುವಾಗಬೇಕು. ಮಲೇರಿಯಾವೂ ಕಣ್ಣನ್ನು ಹಳದಿ ಮಾಡುತ್ತದೆ. ಮಳೆಯ ನೀರು ಬಾವಿಗೆ ಇಳಿದಲ್ಲಿ ಹೆಪಟೈಟಿಸ್ ಎ ಮತ್ತು ಇ ಹರಡುತ್ತವೆ. ಹೆಚ್ಚಿನವರಲ್ಲಿ ಅವು ಕೆಲವು ವಾರಗಳಲ್ಲಿ ತಾವಾಗಿ ಇಳಿದರೂ, ಹೆಪಟೈಟಿಸ್ ಇ ತುಂಬು ಬಸುರಿಗೆ ಬಂದರೆ ಜೀವಕ್ಕೆ ಅಪಾಯವಾಗುವ ಸಂಭವ ಬಹಳ ಹೆಚ್ಚು. ಆಶಾ ಕಾರ್ಯಕರ್ತೆಯರು ಇಲ್ಲಿದ್ದೀರಿ: ಗರ್ಭಿಣಿಯ ಕಣ್ಣು ಹಳದಿಯಾಗಿದೆ ಎಂದು ಅನ್ನಿಸಿದ ದಿನವೇ ಆಕೆ ದೊಡ್ಡ ಆಸ್ಪತ್ರೆಯಲ್ಲಿರಬೇಕು, ಮದ್ದು ಕೊಡುವವರ ಮನೆಯ ಜಗಲಿಯಲ್ಲಿ ಅಲ್ಲ.

ನಾಟಿ ಮದ್ದಿನ ಮಾತು ಬಂತು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮಲ್ಲಿ ಮನೆಮನೆಯ ಸಂಗತಿ. ಕೈಗೆ ಬರೆ ಹಾಕಿಸಿಕೊಂಡು ಬಂದವರನ್ನೂ ನಾನು ನೋಡಿದ್ದೇನೆ. ಆಟಿ ಅಮಾವಾಸ್ಯೆಯ ಹಾಳೆಮರದ ಕಷಾಯದಿಂದ ಹಿಡಿದು ದಿನದಿನದ ಕಷಾಯಗಳವರೆಗೆ ಎಲ್ಲವೂ ಇಲ್ಲಿನ ಬದುಕಿನ ಭಾಗವೇ. ರೋಗಿಯನ್ನು ಗದರಿಸುವ ದಾದಿಗೆ ಅವರು ನಿಜ ಹೇಳುವುದಿಲ್ಲ. "ಮನೆಯಲ್ಲಿ ಯಾವ ಮದ್ದು ಮಾಡಿ ಕುಡಿದಿರಿ ಅಜ್ಜಾ? ಎಷ್ಟು ದಿನ ಕುಡಿದಿರಿ?" ಎಂದು ಊಟದ ಸುದ್ದಿ ಕೇಳುವಂತೆ ಕೇಳಿ, ಹೇಳಿದ್ದನ್ನು ಹಾಗೆಯೇ ಬರೆದು ವೈದ್ಯರಿಗೆ ತೋರಿಸಬೇಕು. ಲಿವರನ್ನು ಹಾಳುಮಾಡಿದ್ದು ಕಾಯಿಲೆಯೋ ಮದ್ದೋ ಎಂಬುದು ಕೆಲವೊಮ್ಮೆ ಆ ಒಂದು ಸಾಲಿನಿಂದ ತಿಳಿಯುತ್ತದೆ.

ಮೂತ್ರದ ಬಣ್ಣ, ಮಲದ ಬಣ್ಣ, ತುರಿಕೆ ಈ ಮೂರನ್ನೂ ಒಟ್ಟಿಗೆ ಓದಲು ಕಲಿಯಿರಿ. ಮೂತ್ರ ಕಡುಚಹಾದಂತೆ, ಮಲ ಜೇಡಿಮಣ್ಣಿನಂತೆ ಬಿಳಿಚಿಕೊಂಡು, ಮೈಯೆಲ್ಲ ತುರಿಕೆಯಿದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ, ಎಲ್ಲೋ ಕಟ್ಟಿಕೊಂಡಿದೆ ಎಂದು ಅನುಮಾನಿಸಬೇಕು. ಅದರ ಜೊತೆಗೆ ಚಳಿಜ್ವರ ಬಂದರೆ ಕಾಯುವ ಮಾತಿಲ್ಲ. ಪಿತ್ತನಾಳದ ಸೋಂಕು ಕೆಲವೇ ತಾಸುಗಳಲ್ಲಿ ಬಿಪಿ ಇಳಿಸಿಬಿಡುತ್ತದೆ. ತುರಿಕೆಯ ವೇದನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ, ಅದು ಸರಿಯಲ್ಲ. ರಾತ್ರಿಯೆಲ್ಲ ಕೆರೆದುಕೊಂಡು ಅಳುವ ಗಂಡಸರನ್ನು ನಾನು ಕಂಡಿದ್ದೇನೆ. ಉಗುರು ಕತ್ತರಿಸುವುದು, ಬಿಸಿನೀರಿನ ಬದಲು ತಣ್ಣೀರಲ್ಲಿ ಮೈ ಒರೆಸುವುದು, ಸೋಪು ಕಡಿಮೆ ಮಾಡಿ ತೆಂಗಿನೆಣ್ಣೆ ಹಚ್ಚುವುದು, ಸಡಿಲವಾದ ಹತ್ತಿಬಟ್ಟೆ ಉಡಿಸುವುದು, ಇವೆಲ್ಲ ವೈದ್ಯರ ಚೀಟಿಗೆ ಕಾಯದೆ ನಾವೇ ಮಾಡಬಹುದಾದ ಕೆಲಸಗಳು. ತುರಿಕೆಗೆ ಕೊಲೆಸ್ಟಿರಮೈನ್ ಪುಡಿ ಬರೆದಿದ್ದರೆ, ಉಳಿದ ಮಾತ್ರೆಗಳನ್ನು ಅದಕ್ಕಿಂತ ಒಂದು ತಾಸು ಮೊದಲು ಅಥವಾ ನಾಲ್ಕು ತಾಸು ಆಮೇಲೆ ಕೊಡಬೇಕು, ಇಲ್ಲವಾದರೆ ಆ ಪುಡಿ ಅವನ್ನೂ ಹಿಡಿದುಕೊಂಡು ಹೊರಗೆ ಹಾಕುತ್ತದೆ.

ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಮೂಲಕ ಬರುವಂಥವು; ರೋಗಿಯಷ್ಟೇ ನಮ್ಮನ್ನೂ ಮುಟ್ಟುವಂಥವು. ಹೆಪಟೈಟಿಸ್ ಬಿಯನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಹುಟ್ಟಿದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತೇವೆ. ನಮ್ಮ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2018ರ ಅದೇ ದಿನ. ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಆ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಲಸಿಕೆಯ ಮೂರು ಡೋಸ್ ಮುಗಿದಿದೆಯೇ, ಮುಗಿದ ಮೇಲೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 10 ಮಿಲಿಯೂನಿಟ್ ದಾಟಿದೆಯೇ ಎಂದು ನೋಡಿಕೊಂಡರೆ ಚೆನ್ನ. ಸೂಜಿ ಚುಚ್ಚಿಕೊಂಡರೆ ಹಿಸುಕಬೇಡಿ. ಸೋಪು ನೀರಿನಲ್ಲಿ ತೊಳೆದು, ಅದೇ ಪಾಳಿಯಲ್ಲಿ ವರದಿ ಮಾಡಿ. ಲಸಿಕೆಯ ರಕ್ಷಣೆ ಇಲ್ಲದವರಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) 24 ತಾಸಿನೊಳಗೆ ಸಿಕ್ಕರೆ ಒಳ್ಳೆಯದು. ನಾಚಿಕೆಯಿಂದ ಮುಚ್ಚಿಟ್ಟವರು ನಮ್ಮ ಬ್ಯಾಚಿನಲ್ಲೂ ಇದ್ದರು.

ಈಗ ಊಟ. ನನ್ನ ಅಭಿಪ್ರಾಯದಲ್ಲಿ ಲಿವರ್ ರೋಗಿಗೆ ನಮ್ಮ ಊರಿನಲ್ಲಿ ಆಗುತ್ತಿರುವ ದೊಡ್ಡ ಅನ್ಯಾಯ ಪಥ್ಯ. ಕಾಮಾಲೆ ಎಂದೊಡನೆ ಎಣ್ಣೆ ನಿಲ್ಲುತ್ತದೆ, ಉಪ್ಪು ನಿಲ್ಲುತ್ತದೆ, ಮೀನು ಮೊಟ್ಟೆ ನಿಲ್ಲುತ್ತದೆ, ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ. ಗಂಜಿಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅದನ್ನೇ ಉಂಡು ಬೆಳೆದವಳು. ಆದರೆ ಸಿರೋಸಿಸ್ ಆದವರ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕುತ್ತಿರುತ್ತದೆ. ಅವರ ಕೆನ್ನೆ ಮತ್ತು ತೋಳು ಬತ್ತಿ, ಹೊಟ್ಟೆ ಮಾತ್ರ ಉಬ್ಬಿರುವುದನ್ನು ನೀವು ನೋಡಿದ್ದೀರಿ. ಅಂಥವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ. ಬರೀ ಗಂಜಿ ಕುಡಿದು ಆ ಲೆಕ್ಕವನ್ನು ಮುಟ್ಟುವುದು ಸಾಧ್ಯವಿಲ್ಲ. ಹಿಂದೆ ಮಿದುಳು ಮಂಕಾಗುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಗಳಲ್ಲೇ ಪ್ರೋಟೀನ್ ನಿಲ್ಲಿಸುತ್ತಿದ್ದರು, ನಾವೂ ನಿಲ್ಲಿಸಿದ್ದೇವೆ. ಆ ಪಾಠ ಈಗ ಬದಲಾಗಿದೆ. ಗಂಜಿಯ ಜೊತೆಗೆ ಹೆಸರುಕಾಳಿನ ಪಲ್ಯ, ಮಜ್ಜಿಗೆ, ತಿನ್ನುವವರಿಗೆ ಮೀನು ಮೊಟ್ಟೆ, ಎಲ್ಲವೂ ಇರಲಿ. ಮರುವಾಯಿಯಂಥ ಚಿಪ್ಪಿನ ಮೀನನ್ನು ಮಾತ್ರ ಚೆನ್ನಾಗಿ ಬೇಯಿಸದೆ ಮುಟ್ಟಬಾರದು, ಏಕೆಂದರೆ ಅದರಲ್ಲಿರಬಹುದಾದ ಕಡಲಿನ ಬ್ಯಾಕ್ಟೀರಿಯಾ ಸಿರೋಸಿಸ್ ಇರುವವರ ರಕ್ತಕ್ಕೆ ಸೇರಿದರೆ ತಡೆಯುವುದು ಕಷ್ಟ.

ಉಪವಾಸದ ಬಗ್ಗೆಯೂ ಹೇಳಬೇಕು, ಉಡುಪಿಯಲ್ಲಿ ನಿಂತು ಏಕಾದಶಿಯ ಮಾತಾಡದಿರುವುದು ಹೇಗೆ? ಆರೋಗ್ಯವಂತನ ಲಿವರ್ ರಾತ್ರಿಯ ಹೊತ್ತಿಗೆ ಬೇಕಾದಷ್ಟು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಸಿರೋಸಿಸ್ ಆದ ಲಿವರಿನಲ್ಲಿ ಆ ದಾಸ್ತಾನು ಇಲ್ಲ. ಅವರಿಗೆ ಒಂದು ರಾತ್ರಿ ಉಣ್ಣದಿರುವುದು ನಮಗೆ ಎರಡು ಮೂರು ದಿನ ಉಪವಾಸವಿದ್ದಂತೆ. ಆದ್ದರಿಂದ ಏಕಾದಶಿಯಾಗಲಿ, ರಮ್ಜಾನಿನ ಉಪವಾಸವಾಗಲಿ, ಅವರು ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ದಿನನಿತ್ಯದಲ್ಲೂ ಮಲಗುವ ಮೊದಲು ಎರಡು ಬಿಸ್ಕತ್ತು ಹಾಲು, ಅವಲಕ್ಕಿ, ಒಂದು ಬಟ್ಟಲು ರಾಗಿ ಮಣ್ಣಿ, ಏನಾದರೊಂದು ಹೊಟ್ಟೆಗೆ ಬೀಳಬೇಕು. ಸ್ಕ್ಯಾನಿಂಗಿಗೆಂದು ಖಾಲಿ ಹೊಟ್ಟೆಯಲ್ಲಿಟ್ಟ ರೋಗಿಯ ಸರದಿ ಮಧ್ಯಾಹ್ನ ಎರಡಕ್ಕೆ ಬಂದರೂ ಯಾರೂ ಕೇಳದಿರುವುದು ಎಲ್ಲ ಕಡೆಯೂ ನಡೆಯುತ್ತದೆ. ಅಲ್ಲಿ ಫೋನ್ ಮಾಡಿ ಜಗಳವಾಡಬೇಕಾದವಳು ದಾದಿ.

ಹೊಟ್ಟೆಯಲ್ಲಿ ನೀರು ತುಂಬಿದವರ ಆರೈಕೆಗೆ ಬೇಕಾದ ಸಲಕರಣೆ ಒಂದು ಟೇಪು, ಒಂದು ತೂಕದ ಯಂತ್ರ, ಒಂದು ಪೆನ್ನು. ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ, ಎರಡು ಪಕ್ಕದಲ್ಲೂ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ದಿನವೂ ಅದೇ ಗುರುತಿನ ಮೇಲೆ, ಅದೇ ಭಂಗಿಯಲ್ಲಿ, ಉಸಿರು ಬಿಟ್ಟಾಗ ಅಳೆಯಬೇಕು. ಗುರುತಿಲ್ಲದೆ ಮೂರು ಪಾಳಿಯವರು ಮೂರು ಕಡೆ ಅಳೆದರೆ ಆ ಅಂಕಿಗಳಿಗೆ ಅರ್ಥವಿಲ್ಲ. ತೂಕವನ್ನು ಬೆಳಗ್ಗೆ, ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು ನೋಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಕೊಡುವಾಗ ದಿನಕ್ಕೆ ಅರ್ಧ ಕಿಲೋ ತೂಕ ಇಳಿದರೆ ಸಾಕು. ಕಾಲಲ್ಲಿ ಬಾವೂ ಇದ್ದರೆ ಒಂದು ಕಿಲೋವರೆಗೆ ಇಳಿಯಬಹುದು. ಅದಕ್ಕಿಂತ ವೇಗವಾಗಿ ಇಳಿದರೆ ಮನೆಯವರು ಸಂತೋಷಪಡುತ್ತಾರೆ, ನಾವು ಹೆದರಬೇಕು, ಏಕೆಂದರೆ ಮುಂದಿನ ಸರದಿ ಮೂತ್ರಪಿಂಡದ್ದು.

ಉಪ್ಪು ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಸಪಾಟಾಗಿ ತುಂಬಿದ ಒಂದು ಟೀ ಚಮಚೆ, ಅದಕ್ಕಿಂತ ಹೆಚ್ಚು ಬೇಡ. "ನಾವು ಅಡುಗೆಗೆ ಉಪ್ಪೇ ಹಾಕುವುದಿಲ್ಲ ಸಿಸ್ಟರ್" ಎನ್ನುವವರ ಟಿಫಿನ್ ಡಬ್ಬಿ ತೆರೆದರೆ ಗಂಜಿಯ ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು, ಹಪ್ಪಳ ಕಾಣುತ್ತವೆ. ಆ ಉಪ್ಪು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಪೂರ್ತಿ ಸಪ್ಪೆ ಮಾಡಿ, ಬಾಯಿಗೆ ರುಚಿಯಿಲ್ಲದೆ ರೋಗಿ ಉಣ್ಣುವುದನ್ನೇ ಬಿಟ್ಟ ಮನೆಗಳಿವೆ. ಲಿಂಬೆ, ಶುಂಠಿ, ಕೊತ್ತಂಬರಿ, ಪುನರ್ಪುಳಿ ಬಳಸಿ ಬಾಯಿಗೆ ಹಿಡಿಸುವಂತೆ ಮಾಡಬಹುದು.

ಮತ್ತೆ ಬೊಂಡ, ಅಂದರೆ ಎಳನೀರು. ನಮ್ಮ ಊರಿನಲ್ಲಿ ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಬೊಂಡ ತರುತ್ತಾರೆ. ಮಂಚದ ಕೆಳಗೆ ಸಾಲಾಗಿ ನಾಲ್ಕೈದು ಬೊಂಡ ಇರುವುದನ್ನು ನೋಡಿದರೆ ಆ ಮನೆಗೆ ಎಷ್ಟು ಬಳಗವಿದೆಯೆಂದು ತಿಳಿಯುತ್ತದೆ. ಒಂದು ಬೊಂಡದ ನೀರಿನಲ್ಲಿ ಒಂದು ಬಾಳೆಹಣ್ಣಿನಷ್ಟಾದರೂ ಪೊಟ್ಯಾಸಿಯಂ ಇರುತ್ತದೆ. ಹೊಟ್ಟೆಯ ನೀರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಪೊಟ್ಯಾಸಿಯಂ ಅನ್ನು ಹೊರಗೆ ಬಿಡದೆ ಒಳಗೇ ಉಳಿಸುವಂಥದ್ದು. ಮೂತ್ರಪಿಂಡವೂ ಸೊರಗಿರುವ ರೋಗಿಗೆ ಈ ಮಾತ್ರೆಯ ಮೇಲೆ ದಿನಕ್ಕೆ ಎರಡು ಮೂರು ಬೊಂಡ ಬಿದ್ದರೆ ಹೃದಯದ ಬಡಿತವೇ ತಪ್ಪಬಹುದು. ಮಾತ್ರೆಯ ಹೆಸರು ನೋಡಿ, ಪೊಟ್ಯಾಸಿಯಂ ವರದಿ ನೋಡಿ, ವೈದ್ಯರನ್ನು ಕೇಳಿ, ಆಮೇಲೆ ಮಂಚದ ಕೆಳಗಿನ ಬೊಂಡದ ವಿಚಾರ ಮಾಡಿ. "ತಂದವರಿಗೇ ಕುಡಿಸಿ ಕಳಿಸಿ ಅಮ್ಮಾ" ಎಂದು ನಾನು ಹೇಳುತ್ತಿದ್ದೆ, ಯಾರೂ ಬೇಸರಿಸಿಕೊಳ್ಳುತ್ತಿರಲಿಲ್ಲ.

ಸೂಜಿ ಹಾಕಿ ನೀರು ತೆಗೆಯುವ ದಿನ ಮೊದಲು ಮೂತ್ರ ಮಾಡಿಸಿ, ಬಿಪಿ ಬರೆದಿಡಿ. 5 ಲೀಟರಿಗಿಂತ ಹೆಚ್ಚು ತೆಗೆದರೆ ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕೊಡುವುದು ಕ್ರಮ. ಅದು ದುಬಾರಿ ಮದ್ದು, ತರಿಸಿಡುವ ಏರ್ಪಾಡು ಮೊದಲೇ ಆಗಬೇಕು. ಹೊಟ್ಟೆನೋವು, ಸಣ್ಣ ಜ್ವರ, ಅಥವಾ ಸುಮ್ಮನೆ ಮಂಕು ಇದ್ದರೂ ಆ ನೀರಿಗೆ ಸೋಂಕು ತಗಲಿರಬಹುದು.

ಮೊದಲು ಹೇಳಿದ "ಒಂದು ನಮೂನೆ"ಗೆ ತಿರುಗಿ ಬರುತ್ತೇನೆ. ಹಗಲು ತೂಕಡಿಸಿ ರಾತ್ರಿ ಎಚ್ಚರವಿರುವುದು ಅದರ ಆರಂಭ. ಆಮೇಲೆ ಅಂಗಿಯ ಗುಂಡಿ ತಪ್ಪಿ ಹಾಕಿಕೊಳ್ಳುತ್ತಾರೆ, ಮಗನ ಹೆಸರನ್ನು ತಮ್ಮನಿಗೆ ಇಟ್ಟು ಕರೆಯುತ್ತಾರೆ. ಪೊಲೀಸರು ಬಸ್ಸು ನಿಲ್ಲಿಸುವಂತೆ ಎರಡೂ ಅಂಗೈ ಎತ್ತಿ ಹಿಡಿಯಲು ಹೇಳಿದರೆ ಮಣಿಕಟ್ಟು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತದೆ. ನಮ್ಮ ವಾರ್ಡುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಘಟ್ಟದ ಮೇಲಿನ ಕನ್ನಡ ಎಲ್ಲವೂ ಇವೆ. ಕಾಸರಗೋಡಿನಿಂದಲೂ ಶಿವಮೊಗ್ಗದಿಂದಲೂ ರೋಗಿಗಳು ಬರುತ್ತಾರೆ. ಮನೆಮಾತು ತುಳುವಾದ ಅಜ್ಜಿಯನ್ನು ಪುಸ್ತಕದ ಕನ್ನಡದಲ್ಲಿ "ಇಂದು ಯಾವ ವಾರ?" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಮಂಕು ಎಂದು ಬರೆಯುವುದು ತಪ್ಪು, ಹಾಗೆಯೇ ಆಕೆ ಮಾತಾಡುತ್ತಿರುವುದು ನಮಗೆ ಅರ್ಥವಾಗುತ್ತಿಲ್ಲವೆಂದು ಎಲ್ಲ ಸರಿ ಇದೆ ಎಂದುಕೊಳ್ಳುವುದೂ ತಪ್ಪು. ಮನೆಯವರನ್ನು ಪಕ್ಕದಲ್ಲಿಟ್ಟುಕೊಂಡು, ಮನೆಮಾತಿನಲ್ಲೇ ಕೇಳಿಸಬೇಕು.

ಭಾಷೆಯ ಈ ತೊಡಕಿಗೆ ನಾನು ಕಂಡುಕೊಂಡ ಉಪಾಯ ಸಹಿ. ಮಂಚದ ತಲೆಬದಿಗೆ ಒಂದು ಗೆರೆಪುಸ್ತಕ ತೂಗುಹಾಕಿ, ದಿನವೂ ಬೆಳಗ್ಗೆ ರೋಗಿಯಿಂದ ಒಂದು ಸಹಿ ಮಾಡಿಸುವುದು. ಇದು ನನ್ನ ಆವಿಷ್ಕಾರವೇನಲ್ಲ, ಹಳೆಯ ದಾದಿಯರೆಲ್ಲ ಬಲ್ಲ ವಿದ್ಯೆ. ಅಕ್ಷರ ಗೆರೆಯಿಂದ ಜಾರಿತು, ಹೆಸರಿನ ಕೊನೆಯ ಅಕ್ಷರ ಬಿಟ್ಟುಹೋಯಿತು, ನಿನ್ನೆ ಇದ್ದ ಒತ್ತಕ್ಷರ ಇವತ್ತು ಇಲ್ಲ ಎಂದರೆ ರಕ್ತದ ವರದಿಗೆ ಕಾಯದೆ ವೈದ್ಯರನ್ನು ಕರೆಯಬಹುದು. ಓದುಬರಹ ಬಾರದವರಿಗೆ ಐದು ಮೂಲೆಯ ನಕ್ಷತ್ರ ಬಿಡಿಸಲು ಹೇಳುತ್ತಿದ್ದೆವು. ಅದೂ ಬಾರದಿದ್ದವರು ರಂಗೋಲಿಯ ಚುಕ್ಕಿ ಸೇರಿಸುತ್ತಿದ್ದರು.

ಲ್ಯಾಕ್ಟುಲೋಸ್ ಸಿರಪ್ಪಿನ ಗುರಿ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆಯಾಗುವುದು. ಬಾಟಲಿಯ ಮೇಲೆ 30 ಮಿಲಿ ಎಂದು ಬರೆದಿದೆಯೆಂದು ಭೇದಿಯಾಗುತ್ತಿದ್ದರೂ ಕೊಡುತ್ತಲೇ ಹೋದರೆ ನೀರು ಮತ್ತು ಲವಣ ಸೋರಿ ಮಂಪರು ಮತ್ತಷ್ಟು ಹೆಚ್ಚುತ್ತದೆ. ಒಂದೇ ಸಲವಾದರೆ ಡೋಸ್ ಹೆಚ್ಚಿಸಲು ಕೇಳಬೇಕು. ಮಲಬದ್ಧತೆಯ ಜೊತೆಗೆ ಹೊಟ್ಟೆಯೊಳಗಿನ ರಕ್ತಸ್ರಾವ, ಸೋಂಕು, ನಿದ್ದೆಯ ಮದ್ದು, ಮೂತ್ರದ ಮಾತ್ರೆಯ ಅತಿಯಾದ ಪರಿಣಾಮ, ಇವೂ ಮಂಪರನ್ನು ಎಬ್ಬಿಸುತ್ತವೆ. ಮೂಲವನ್ನು ಹುಡುಕದೆ ಸಿರಪ್ ಮಾತ್ರ ಕುಡಿಸಿದರೆ ಪ್ರಯೋಜನವಿಲ್ಲ.

ರಕ್ತ ವಾಂತಿಯ ಬಗ್ಗೆ ಸ್ವಲ್ಪ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆದಾಗ ಬೇಸಿನ್ನಿನ ತುಂಬ ರಕ್ತ ಬರುತ್ತದೆ, ನೋಡುವವರ ಕೈಕಾಲು ತಣ್ಣಗಾಗುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಬಾಯಿ ಸ್ವಚ್ಛ ಮಾಡಿ. ರಕ್ತ ಶ್ವಾಸಕ್ಕೆ ಹೋಗದಂತೆ ತಡೆಯುವುದೇ ಮೊದಲ ಕೆಲಸ. ಎರಡು ದಪ್ಪ ಸೂಜಿಯ ದಾರಿ, ರಕ್ತದ ಗುಂಪು, ಆಂಟಿಬಯೊಟಿಕ್, ರಕ್ತನಾಳ ಬಿಗಿಸುವ ಟೆರ್ಲಿಪ್ರೆಸಿನ್ ಮದ್ದು, 12 ತಾಸಿನೊಳಗೆ ಎಂಡೊಸ್ಕೋಪಿ. ರಕ್ತವನ್ನು ಹಿಮೊಗ್ಲೋಬಿನ್ 7ರಿಂದ 8ರ ಮಟ್ಟಕ್ಕಷ್ಟೇ ಕೊಡುತ್ತಾರೆ, ಹೆಚ್ಚು ಕೊಟ್ಟರೆ ಒತ್ತಡವೇರಿ ಮತ್ತೆ ಒಡೆಯಬಹುದು. "ಇನ್ನೊಂದು ಬಾಟಲಿ ಕೊಡಿ" ಎಂದು ಅಂಗಲಾಚುವ ಮನೆಯವರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕು. ಟೆರ್ಲಿಪ್ರೆಸಿನ್ ಹೋಗುತ್ತಿರುವಾಗ ಬೆರಳ ತುದಿಯ ಬಣ್ಣ, ಎದೆನೋವು, ಹೊಟ್ಟೆನೋವನ್ನು ಗಮನಿಸಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ರಕ್ತದ ಮಲ ಟಾರಿನಂತೆ ಅಂಟುತ್ತದೆ ಮತ್ತು ಅದರ ವಾಸನೆಯನ್ನು ಒಮ್ಮೆ ತಿಳಿದ ದಾದಿ ಮರೆಯುವುದಿಲ್ಲ.

ಪಿತ್ತಕೋಶದ ಕಲ್ಲಿನವರು ನಮ್ಮ ಬಳಿಗೆ ಬರುವ ಹೊತ್ತಿಗೆ ವರ್ಷಗಟ್ಟಲೆ "ಗ್ಯಾಸ್ಟ್ರಿಕ್" ಮಾತ್ರೆ ನುಂಗಿರುತ್ತಾರೆ. ಊಟವಾದ ಮೇಲೆ, ಅದರಲ್ಲೂ ಮದುವೆಯೂಟದ ರಾತ್ರಿ, ಬಲಪಕ್ಕೆಯಿಂದ ಹೆಗಲಿನತ್ತ ಹೋಗುವ, ತಾಸುಗಟ್ಟಲೆ ಬಿಡದ ನೋವನ್ನು ಗ್ಯಾಸ್ಟ್ರಿಕ್ ಎಂದು ಬಿಟ್ಟುಬಿಡಬಾರದು. 1882ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದಾಗ ರೋಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಗಿತ್ತು. ಇಂದು ಲ್ಯಾಪರೊಸ್ಕೋಪಿಯಲ್ಲಿ ತೆಗೆಸಿಕೊಂಡವರು ಮರುದಿನ ಮನೆಗೆ ಹೋಗುತ್ತಾರೆ. ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು ಕೆರಳಿಸುವುದರಿಂದ ಶಸ್ತ್ರಚಿಕಿತ್ಸೆಯ ಮೇಲೆ ಭುಜ ನೋಯುತ್ತದೆ. ಮೊದಲೇ ಹೇಳಿಡದಿದ್ದರೆ ಹಾರ್ಟ್ ಅಟ್ಯಾಕ್ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಎಬ್ಬಿಸಿ ನಡೆಸಿದರೆ ಅದು ಇಳಿಯುತ್ತದೆ. ಇಳಿಯದೆ ಹೊಟ್ಟೆನೋವು ಹೆಚ್ಚುತ್ತ, ಜ್ವರ ಬಂದು, ಕಣ್ಣು ಹಳದಿಯಾದರೆ ಪಿತ್ತರಸ ಸೋರುತ್ತಿರಬಹುದು. ಕೊಳವೆ ಇಟ್ಟಿದ್ದರೆ ಚೀಲ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ, ಬಣ್ಣ ಮತ್ತು ಅಳತೆ ಪ್ರತಿ ಪಾಳಿಯಲ್ಲೂ ದಾಖಲಾಗಲಿ. ಇಆರ್‌ಸಿಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿಸಿಕೊಂಡು ಬಂದವರಿಗೆ ಗಂಟಲಿನ ಮರಗಟ್ಟುವಿಕೆ ಇಳಿಯುವ ಮೊದಲು ನೀರು ಕೊಡಬಾರದು. ಆ ಸಂಜೆ ಹೊಸದಾಗಿ ಬರುವ ಹೊಟ್ಟೆನೋವು ಮೇದೋಜೀರಕದ ಉರಿಯೂತವಿರಬಹುದು.

ಮೇದೋಜೀರಕದ ತೀವ್ರ ಉರಿಯೂತದ ನೋವು ಎಂಥದ್ದೆಂದರೆ, ರೋಗಿ ಮಲಗಲಾರ. ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾನೆ. ನೋವಿನ ಇಂಜೆಕ್ಷನ್ನಿಗೆ ಜಿಪುಣತನ ಮಾಡಬೇಡಿ. ಮಾರ್ಫಿನ್ ಕೊಟ್ಟರೆ ನಾಳದ ಬಾಗಿಲು ಬಿಗಿದು ಕಾಯಿಲೆ ಹೆಚ್ಚುತ್ತದೆಂದು ನಮಗೆ ಕಲಿಸಿದ್ದರು, ಅದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಡ್ರಿಪ್ಪಿನ ವಿಷಯದಲ್ಲೂ ಪಾಠ ಬದಲಾಗಿದೆ. ಹಿಂದೆ ಹೊಳೆಯಂತೆ ಹರಿಸುತ್ತಿದ್ದರು, ಈಗ ಹದವಾಗಿ ಕೊಟ್ಟು ಮೂತ್ರ, ಉಸಿರಾಟ, ಆಮ್ಲಜನಕದ ಮಟ್ಟ ನೋಡಿಕೊಂಡು ಏರಿಸಿ ಇಳಿಸುತ್ತಾರೆ. ತಾಸಿಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರ್ ಮೂತ್ರ ಬರುತ್ತಿರಬೇಕು. ಬಾರದಿದ್ದರೂ ಹೇಳಬೇಕು, ಉಸಿರು ನಿಮಿಷಕ್ಕೆ 25 ದಾಟಿದರೂ ಹೇಳಬೇಕು. ಹೊಟ್ಟೆಯನ್ನು ದಿನಗಟ್ಟಲೆ ಖಾಲಿ ಇಡುವುದೂ ಹಳೆಯ ಪಾಠವೇ. ವಾಂತಿ ನಿಂತು ಹಸಿವಾದೊಡನೆ ಜಿಡ್ಡು ಕಡಿಮೆಯಿರುವ ಮೆದು ಆಹಾರ ಶುರುಮಾಡುತ್ತಾರೆ. ಇಲ್ಲಿ ನಮ್ಮ ಗಂಜಿ ನಿಜವಾಗಿ ಉಪಕಾರಿ.

ಕುಡಿತದಿಂದ ಬಂದವರಾದರೆ ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಬಿಟ್ಟ 6ರಿಂದ 24 ತಾಸಿನಲ್ಲಿ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ ಹಿಡಿಯಬಹುದು. ಲಿವರಿನ ಮಂಪರಿಗೂ ಇದಕ್ಕೂ ಹೊರಗಿನಿಂದ ನೋಡಿದರೆ ಬಹಳ ಹೋಲಿಕೆಯಿದೆ, ಆದರೆ ಒಂದರಲ್ಲಿ ನಿದ್ದೆಯ ಮದ್ದು ಕೆಡುಕು, ಇನ್ನೊಂದರಲ್ಲಿ ಅದೇ ಮದ್ದು ಜೀವ ಉಳಿಸುತ್ತದೆ. ಇವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಹೋಗಿದೆಯೇ ಎಂದೂ ನೋಡಿ.

ಕುಡಿತವೇ ಇಲ್ಲದ ಎಳೆಯರಲ್ಲೂ ಮೇದೋಜೀರಕದಲ್ಲಿ ಸುಣ್ಣದ ಕಲ್ಲು ಕಟ್ಟುವ ಕಾಯಿಲೆಯೊಂದು ಕೇರಳದಲ್ಲಿ ಮತ್ತು ಅದರ ನೆರೆಯ ನಮ್ಮಲ್ಲೂ ಇದೆ. ಕೇರಳದ ವೈದ್ಯ ಗೀವರ್ಗೀಸ್ ಅದರ ಬಗ್ಗೆ ವಿಸ್ತಾರವಾಗಿ ಬರೆದರು. ಮರಗೆಣಸನ್ನು ಬಹುಕಾಲ ದೂರಿದ್ದರು, ಅದು ಸಾಬೀತಾಗಲಿಲ್ಲ. ಅಂಥ ಹುಡುಗ "ಕುಡಿಯುವುದಿಲ್ಲ" ಎಂದರೆ ನಂಬಿ, ದಯವಿಟ್ಟು ಕಣ್ಣು ಹೊಡೆಯಬೇಡಿ. ಇವರ ಮಲ ಎಣ್ಣೆಯಂತೆ ತೇಲಿ ಕಮೋಡಿಗೆ ಅಂಟುತ್ತದೆ. ಕಿಣ್ವದ ಕ್ಯಾಪ್ಸೂಲನ್ನು ಊಟದ ತುತ್ತುಗಳ ನಡುವೆ ನುಂಗಬೇಕು, ಊಟಕ್ಕೆ ತಾಸು ಮೊದಲು ನುಂಗಿದರೆ ವ್ಯರ್ಥ. ಇವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಜೊತೆಗೆ, ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಹಾರ್ಮೋನ್ ಕೂಡ ಕಡಿಮೆಯಿರುವುದರಿಂದ ಸಕ್ಕರೆ ಇಳಿದರೆ ತಾನಾಗಿ ಏರುವುದಿಲ್ಲ. ಇನ್ಸುಲಿನ್ ಹಾಕಿ ಊಟ ತಡವಾಗುವುದು ಇವರಲ್ಲಿ ಬಹಳ ಅಪಾಯಕರ. ಕಿಸೆಯಲ್ಲಿ ಬೆಲ್ಲದ ತುಂಡೊಂದು ಇರಲಿ.

ಸಭೆಯ ಕೊನೆಯಲ್ಲಿ ಒಬ್ಬ ತಾಯಿ ಎದ್ದು, "ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ, ನಾವು ಮನೆಯಲ್ಲಿ ಏನು ನೋಡಬೇಕು?" ಎಂದು ಕೇಳಿದರು. ನಮ್ಮ ವಾರ್ಡಿನಲ್ಲಿ ನಾವು ಆ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಕೈಬರಹದಲ್ಲಿ ಬರೆದುಕೊಡುತ್ತಿದ್ದುದನ್ನೇ ಅವರಿಗೂ ಹೇಳಿದೆ: ಬೆಳಗಿನ ತೂಕ, ಎಷ್ಟು ಸಲ ಮಲವಾಯಿತು, ಮೂತ್ರ ಕಡಿಮೆಯಾಯಿತೇ, ಮಲ ಕಪ್ಪಾಯಿತೇ, ಜ್ವರ ಬಂತೇ, ಹಗಲು ನಿದ್ದೆ ಹೆಚ್ಚಾಯಿತೇ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ತರಬಾರದು ಎಂಬುದು ಕೆಳಗಿನ ಸಾಲು. ಎಲ್ಲಕ್ಕಿಂತ ಕೊನೆಗೆ, ದಪ್ಪ ಅಕ್ಷರದಲ್ಲಿ, "ಒಂದು ನಮೂನೆ ಮಾಡಿದರೆ ಬೆಳಗಾಗುವವರೆಗೆ ಕಾಯದೆ ಕರೆದುಕೊಂಡು ಬನ್ನಿ" ಎಂದು ಬರೆದು, ಕೆಳಗೆ ವಾರ್ಡಿನ ಫೋನ್ ನಂಬರ್ ಹಾಕುತ್ತಿದ್ದೆವು.